ಶುಗರ್ ರೋಗಿಗೆ ಫೋನಿನಲ್ಲಿ ಆರೈಕೆ: ಕರೆ ಮುಗಿದ ಮೇಲೆ ಏನು ಬದಲಾಯಿತು?

ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ಚಿಕಿತ್ಸೆ ಕೊಡುವುದು, ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಎದೆನೋವು ಅಂತ ಬಂದವರ ಇಸಿಜಿ ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿನ ಹೃದಯ ತಜ್ಞರು ನೋಡಿ, ಈ ಇಂಜೆಕ್ಷನ್ ಕೊಡಿ, ಇವರನ್ನು ಕೂಡಲೇ ಕಳಿಸಿ ಅಂತ ಹೇಳುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಈಗಲೂ ಟೆಲಿಮೆಡಿಸಿನ್ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಅದೇ ಚಿತ್ರ. ಈ ಕಡೆ ಹಳ್ಳಿಯ ರೋಗಿ, ಆ ಕಡೆ ದೊಡ್ಡ ಊರಿನ ದೊಡ್ಡ ಡಾಕ್ಟರು, ನಡುವೆ ಒಂದು ಪರದೆ.

ಹೃದಯಾಘಾತಕ್ಕೆ ಆ ಚಿತ್ರ ಸರಿ. ಅಲ್ಲಿ ಒಂದು ಗಂಟೆಯೊಳಗೆ ಒಂದು ನಿರ್ಧಾರ ಬೇಕು, ಆ ನಿರ್ಧಾರ ತಜ್ಞರಿಂದಲೇ ಬರಬೇಕು. ಸಕ್ಕರೆ ಕಾಯಿಲೆಗೆ ಅದೇ ಚಿತ್ರವನ್ನು ಇಟ್ಟುಕೊಂಡರೆ ನಾವು ದಾರಿ ತಪ್ಪುತ್ತೇವೆ. ಶುಗರ್ ಇರುವವರಲ್ಲಿ ಬಹುಪಾಲು ಜನರಿಗೆ ಏನು ಮಾಡಬೇಕು ಅನ್ನುವುದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಗೊತ್ತು, ಉಪಕೇಂದ್ರಗಳಲ್ಲಿ ಕೆಲಸ ಮಾಡುವ ನಿಮಗೂ ಗೊತ್ತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ಗೊತ್ತು, ಇನ್ಸುಲಿನ್ ಗೊತ್ತು. ಗೊತ್ತಿದ್ದರೂ ಆಗದೆ ಉಳಿಯುವುದು ಬೇರೆ. ಮಾತ್ರೆ ನಡುವೆ ನಿಂತುಹೋಗುತ್ತದೆ. ಆರು ತಿಂಗಳಿಂದ ಶುಗರ್ 250 ಇದ್ದರೂ ಅದೇ ಡೋಸ್ ಮುಂದುವರಿಯುತ್ತದೆ. ಕಾಲಿನ ಗಾಯವನ್ನು ತೋರಿಸಲು ಹಬ್ಬ ಮುಗಿಯಲಿ ಅಂತ ಕಾಯುತ್ತಾರೆ. ಇವು ಯಾವುವೂ ಬೆಂಗಳೂರಿನ ತಜ್ಞರ ಒಂದು ವಿಡಿಯೊ ಕರೆಯಿಂದ ಸರಿಹೋಗುವ ವಿಷಯಗಳಲ್ಲ. ನಮ್ಮೂರಿನ ಸಮುದಾಯ ಆರೋಗ್ಯ ಅಧಿಕಾರಿ, ನರ್ಸು, ಆಶಾ ಇವರಿಂದ ಮತ್ತೆ ಮತ್ತೆ ಬರುವ ಸಣ್ಣ ಕರೆಗಳಿಂದ ಸರಿಹೋಗಬಹುದು. ಇವತ್ತು ನಾನು ಮಾತಾಡಲು ಬಂದಿರುವುದು ಆ ಸಣ್ಣ ಕರೆಯ ಬಗ್ಗೆ.

ಎಷ್ಟು ಜನರ ಮಾತು ಇದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಎಂಬ ಡಯಾಬಿಟಿಸ್ ಸಮೀಕ್ಷೆಯ ದೇಶಮಟ್ಟದ ಫಲಿತಾಂಶ 2023ರಲ್ಲಿ ಬಂತು. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಅಂತ ಅದರ ಅಂದಾಜು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಸರ್ಕಾರದ ಲೆಕ್ಕ. ಅದರಲ್ಲಿ 30 ದಾಟಿದವರಲ್ಲಿ ನೂರಕ್ಕೆ ಹತ್ತು ಜನರಿಗೆ ಶುಗರ್ ಇದೆ ಅಂದುಕೊಂಡರೂ ಸಾವಿರಕ್ಕಿಂತ ಜಾಸ್ತಿ ರೋಗಿಗಳಾದರು. ಅವರೆಲ್ಲ ಪ್ರತಿ ತಿಂಗಳು ಡಾಕ್ಟರ ಮುಂದೆ ಹತ್ತು ನಿಮಿಷ ಕುಳಿತು ಮಾತಾಡಬೇಕು ಅಂದರೆ, ಜ್ವರ, ಬಾಣಂತಿ, ಲಸಿಕೆ, ಹಾವು ಕಡಿತ ಎಲ್ಲವನ್ನೂ ನೋಡುವ ಒಬ್ಬ ಡಾಕ್ಟರಿಂದ ಅದು ಆಗುವುದಿಲ್ಲ. ಆಗದೇ ಇರುವುದರಿಂದಲೇ ಸರತಿ ಸಾಲು, ಚೀಟಿ, ಮಾತ್ರೆ, ಮನೆ ಅನ್ನುವ ಹಾಗೆ ನಡೆಯುತ್ತಿದೆ. ಮನೆ ಮನೆಗೆ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಕಾಯಿಲೆ ಇರುವವರನ್ನು ಹುಡುಕುವ ಕೆಲಸ ಆಗುತ್ತಿದೆ. ಹುಡುಕಿದವರನ್ನು ಕೈಬಿಡದೆ ಇಟ್ಟುಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಅನೇಕರಿಗೆ ಫೋನಿನಲ್ಲಿ ಮಾತ್ರೆ ಹೇಳುವುದೇ ತಪ್ಪು ಅನ್ನುವ ಹೆದರಿಕೆ ಇದೆ. 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ವೈದ್ಯರು ವಿಡಿಯೊದಲ್ಲಿ, ಬರೀ ಧ್ವನಿ ಕರೆಯಲ್ಲಿ ಅಥವಾ ಮೆಸೇಜ್‌ನಲ್ಲಿ ಸಲಹೆ ಕೊಡಬಹುದು. ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಅಂತಲೇ ಅರ್ಥ. ನೀವಾಗಿ ಕರೆ ಮಾಡಿದರೆ ಒಪ್ಪಿಗೆ ಕೇಳಿ, ಬರೆದಿಡಬೇಕು. ಡಯಾಬಿಟಿಸ್, ಬಿಪಿ, ಅಸ್ತಮಾದಂಥ ದೀರ್ಘಕಾಲದ ಕಾಯಿಲೆಗಳ ಮಾತ್ರೆ ಮುಂದುವರಿಸುವುದಕ್ಕೆ ಅದರಲ್ಲಿ ಸ್ಪಷ್ಟ ಅವಕಾಶ ಇದೆ. ಅದೇ ಕಾಯಿಲೆಗೆ ಆರು ತಿಂಗಳ ಒಳಗೆ ಎದುರಾಎದುರು ನೋಡಿದ ರೋಗಿಯಾದರೆ, ಇರುವ ಮಾತ್ರೆ ಸಾಲದಿದ್ದಾಗ ಇನ್ನೊಂದನ್ನು ಸೇರಿಸುವುದಕ್ಕೂ ಅವಕಾಶ ಇದೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದುವರಿಸುವುದಕ್ಕೆ ಮಾತ್ರ ಅಲ್ಲ, ಬದಲಾಯಿಸುವುದಕ್ಕೂ ಅವಕಾಶ ಇದೆ.

ಇ-ಸಂಜೀವಿನಿ ನಿಮಗೆಲ್ಲ ಗೊತ್ತು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಮೊಹಾಲಿಯ ಸಿ-ಡ್ಯಾಕ್ ಕಟ್ಟಿದ, ಸರ್ಕಾರದ ಟೆಲಿಮೆಡಿಸಿನ್ ವ್ಯವಸ್ಥೆ ಅದು. 2019ರ ನವೆಂಬರ್‌ನಲ್ಲಿ ಶುರುವಾಯಿತು. ಉಪಕೇಂದ್ರದಲ್ಲಿ ಕುಳಿತ ನೀವು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರಿಗೆ ಕರೆ ಮಾಡುತ್ತೀರಿ. 2020ರ ಏಪ್ರಿಲ್‌ನಿಂದ ರೋಗಿ ಮನೆಯಿಂದಲೇ ಕರೆ ಮಾಡುವ ದಾರಿಯೂ ತೆರೆಯಿತು. 2023ರ ಫೆಬ್ರವರಿ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆ ದಾಟಿತು. ದೊಡ್ಡ ಸಂಖ್ಯೆ, ಅಲ್ವಾ? ಆದರೆ ಸಂಖ್ಯೆಯ ಹಿಂದೆ ಹೋಗುವ ಅಭ್ಯಾಸವೇ ನಮಗೆ ತೊಂದರೆ ಕೊಡುತ್ತಿದೆ ಅಂತ ನನಗೆ ಅನ್ನಿಸುತ್ತದೆ. ದಿನಕ್ಕೆ ಇಷ್ಟು ಕರೆ ಆಗಬೇಕು ಅಂತ ಗುರಿ ಇದ್ದಾಗ, ಸುಲಭವಾಗಿ ಮುಗಿಯುವ ಕರೆ ಅಂದರೆ ಶುಗರ್ ರೋಗಿಯ ಕರೆ. ಪಕ್ಕದಲ್ಲೇ ಕೂತಿದ್ದಾರೆ, ಮಾತ್ರೆ ಗೊತ್ತಿದೆ, ‘ಅದೇ ಮುಂದುವರಿಸಿ’ ಅಂದರೆ ಒಂದು ಕರೆ ಲೆಕ್ಕಕ್ಕೆ ಸಿಕ್ಕಿತು. ಒಬ್ಬ ರೈತರ ಪುಸ್ತಕ ನೋಡಿದ್ದೇನೆ. ತಿಂಗಳು ತಿಂಗಳು ಕರೆ ಆಗಿದೆ. ಬೆಳಗಿನ ಶುಗರ್ 220, 240, 230, 260. ಪ್ರತಿ ಸಲವೂ ಕೆಳಗೆ ಅದೇ ಸಾಲು, ಅದೇ ಮಾತ್ರೆ. ಅವರು ಒಂದು ತಿಂಗಳೂ ತಪ್ಪಿಸದೆ ಬಂದಿದ್ದರು. ಹೇಳಿದ್ದನ್ನೆಲ್ಲ ಮಾಡಿದ್ದರು. ಕೊನೆಗೆ ಕಾಲುಗಳಲ್ಲಿ ಉರಿ ಶುರುವಾಗಿತ್ತು. ಇಷ್ಟು ನಿಯತ್ತಾಗಿ ಬಂದ ಮನುಷ್ಯನಿಗೆ ನಮ್ಮ ವ್ಯವಸ್ಥೆ ಒಂದು ಮಾತ್ರೆಯನ್ನೂ ಬದಲಾಯಿಸಲಿಲ್ಲ ಅನ್ನುವುದು ನನಗೆ ತುಂಬಾ ನೋವು ಕೊಟ್ಟ ವಿಷಯ.

ಹಾಗಾದರೆ ತಂತ್ರಜ್ಞಾನದಿಂದ ಏನೂ ಆಗುವುದಿಲ್ಲವಾ? ಈ ಪ್ರಶ್ನೆಗೆ ನಮ್ಮದೇ ನೆಲದ ಉತ್ತರಗಳಿವೆ. ಮೂರು ಕೆಲಸಗಳ ಬಗ್ಗೆ ಹೇಳುತ್ತೇನೆ.

ಮೊದಲನೆಯದು ಎಂವೆಲ್‌ಕೇರ್. ಹರಿಯಾಣದ ಮತ್ತು ನಮ್ಮ ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ ಅಧ್ಯಯನ. ಬಿಪಿ ಅಥವಾ ಶುಗರ್ ಇದ್ದ ಸುಮಾರು 3,700 ಜನ ಅದರಲ್ಲಿದ್ದರು. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟರು. ರೋಗಿಯ ವಿವರ ಹಾಕಿದರೆ ಯಾವ ಔಷಧ, ಯಾವ ಡೋಸ್ ಅಂತ ಅದು ಸಲಹೆ ಕೊಡುತ್ತಿತ್ತು. ರೋಗಿಗೆ ನೆನಪಿನ ಮೆಸೇಜ್ ಹೋಗುತ್ತಿತ್ತು. ಉಳಿದ ಅರ್ಧ ಕೇಂದ್ರಗಳಲ್ಲಿ ಯಂತ್ರ ಇರಲಿಲ್ಲ. ಅಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟು, ಚಿಕಿತ್ಸೆಯ ಕ್ರಮದ ಪಟ್ಟಿ ಮಾಡಿ ಕೊಟ್ಟಿದ್ದರು ಅಷ್ಟೇ. ಒಂದು ವರ್ಷದ ನಂತರ ನೋಡಿದರೆ ಎರಡೂ ಕಡೆ ರೋಗಿಗಳು ಸುಧಾರಿಸಿದ್ದರು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2019ರಲ್ಲಿ ಇದು ಪ್ರಕಟವಾದಾಗ ಕೆಲವರಿಗೆ ನಿರಾಸೆ ಆಯಿತು. ನನಗೆ ಇದರಲ್ಲಿ ಕಾಣುವುದು ಭರವಸೆ. ತರಬೇತಿ ಪಡೆದ ನರ್ಸ್ ಒಬ್ಬರು ಕುಳಿತು ರೋಗಿಯನ್ನು ಸರಿಯಾಗಿ ನೋಡಿ, ಮುಂದಿನ ಹೆಜ್ಜೆ ಏನು ಅಂತ ಗೊತ್ತಿದ್ದು, ಮತ್ತೆ ಕರೆಸಿದರೆ ಶುಗರ್ ಇಳಿಯುತ್ತದೆ. ಕೈಯಲ್ಲಿ ಟ್ಯಾಬ್ಲೆಟ್ ಇದ್ದರೂ ಇಳಿಯುತ್ತದೆ, ಗೋಡೆಯ ಮೇಲೆ ಪಟ್ಟಿ ಇದ್ದರೂ ಇಳಿಯುತ್ತದೆ.

ಎರಡನೆಯದು ಪಕ್ಕದ ತಮಿಳುನಾಡಿನ ಚುನಾಂಪೇಟ್. ಅಲ್ಲಿ 42 ಹಳ್ಳಿಗಳಿಗೆ ಒಂದು ವ್ಯಾನ್ ಹೋಗುತ್ತಿತ್ತು. ಅದರ ಮೇಲೆ ಉಪಗ್ರಹದ ಡಿಶ್, ಒಳಗೆ ಕಣ್ಣಿನ ಪರದೆಯ ಫೋಟೊ ತೆಗೆಯುವ ಕ್ಯಾಮೆರಾ, ಕಾಲಿನ ಸ್ಪರ್ಶ ಪರೀಕ್ಷಿಸುವ ಸಾಧನ. ಫೋಟೊ ಚೆನ್ನೈಗೆ ಹೋಗಿ ತಜ್ಞರು ನೋಡುತ್ತಿದ್ದರು. 23,000ಕ್ಕಿಂತ ಜಾಸ್ತಿ ಜನರನ್ನು ಪರೀಕ್ಷೆ ಮಾಡಿದರು. ಶುಗರ್ ಇದ್ದವರ ಸರಾಸರಿ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ಹೇಗಿತ್ತು ಅಂತ ಹೇಳುವ ರಕ್ತಪರೀಕ್ಷೆಯ ಅಂಕಿ, ಒಂದು ವರ್ಷದಲ್ಲಿ 9.3ರಿಂದ 8.5ಕ್ಕೆ ಇಳಿಯಿತು. ಚೆನ್ನೈವರೆಗೆ ಹೋಗಬೇಕಾಗಿ ಬಂದವರು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದವರಿಗೆಲ್ಲ ತಮ್ಮೂರಿನಲ್ಲೇ ಚಿಕಿತ್ಸೆ ಸಿಕ್ಕಿತು. ಅಲ್ಲಿ ವ್ಯಾನಿನ ಜೊತೆಗೆ ಊರಿನಲ್ಲೇ ಒಂದು ಡಯಾಬಿಟಿಸ್ ಕೇಂದ್ರ ಇತ್ತು, ಊರಿನವರೇ ಆದ ಕೆಲಸಗಾರರಿದ್ದರು. ಆ ಭಾಗವನ್ನು ಬಿಟ್ಟು ಬರೀ ವ್ಯಾನಿನ ಕಥೆ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ.

ಮೂರನೆಯದು ಇನ್ನೂ ಸರಳ. ದಕ್ಷಿಣ ಭಾರತದಲ್ಲಿ, ಡಯಾಬಿಟಿಸ್‌ನ ಹೊಸ್ತಿಲಲ್ಲಿದ್ದ 537 ದುಡಿಯುವ ಗಂಡಸರ ಮೇಲೆ ಮಾಡಿದ ಅಧ್ಯಯನ, ಪ್ರಕಟವಾಗಿದ್ದು 2013ರಲ್ಲಿ. ಅರ್ಧ ಜನರಿಗೆ ಮೊಬೈಲಿಗೆ ಆಗಾಗ ಮೆಸೇಜ್ ಕಳಿಸಿದರು. ನಡೆಯಿರಿ, ಹೀಗೆ ತಿನ್ನಿ ಅಂತ. ಎರಡು ವರ್ಷದಲ್ಲಿ ಮೆಸೇಜ್ ಇಲ್ಲದವರಲ್ಲಿ 27% ಜನರಿಗೆ ಡಯಾಬಿಟಿಸ್ ಬಂತು, ಮೆಸೇಜ್ ಬಂದವರಲ್ಲಿ 18%. ಸ್ಮಾರ್ಟ್‌ಫೋನ್ ಕೂಡ ಬೇಕಾಗಿರಲಿಲ್ಲ. ಹಾಗಂತ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿ ಕೈತೊಳೆದುಕೊಳ್ಳಬಾರದು. ಅವರು ಪ್ರತಿಯೊಬ್ಬರ ಅಭ್ಯಾಸ ನೋಡಿ, ಅವರವರ ಮನಸ್ಸು ಎಲ್ಲಿಯವರೆಗೆ ಸಿದ್ಧವಾಗಿದೆ ಅಂತ ನೋಡಿ ಕಳಿಸುತ್ತಿದ್ದರು.

ಈಗ ಕರೆಗೆ ಬರೋಣ. ಒಳ್ಳೆಯ ಕರೆ ಹೇಗಿರುತ್ತದೆ?

ಸಾಮಾನ್ಯವಾಗಿ ನಡೆಯುವುದು ಹೀಗೆ. ‘ಅಜ್ಜಿ, ಮಾತ್ರೆ ತಗೊಳ್ತಾ ಇದ್ದೀರಾ?’ ‘ಹೂಂ ಕಣವ್ವ, ತಗೋತಾ ಇದೀನಿ.’ ‘ಏನಾದ್ರೂ ತೊಂದರೆ ಇದೆಯಾ?’ ‘ಇಲ್ಲವ್ವ, ಚೆನ್ನಾಗಿದೀನಿ.’ ಮುಗಿಯಿತು. ಅಜ್ಜಿ ಸುಳ್ಳು ಹೇಳಲಿಲ್ಲ. ನಾವು ಕೇಳಿದ ರೀತಿಗೆ ಬೇರೆ ಉತ್ತರ ಬರುವ ಹಾಗೇ ಇಲ್ಲ. ಮೇಡಂ ಫೋನ್ ಮಾಡಿ ಕೇಳಿದಾಗ ಮಾತ್ರೆ ಬಿಟ್ಟಿದ್ದೇನೆ ಅಂತ ಹೇಳುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಇನ್ನೊಂದು ರೀತಿ ನೋಡಿ. ‘ಅಜ್ಜಿ, ಮಾತ್ರೆ ಡಬ್ಬಿ ತಂದು ಪಕ್ಕದಲ್ಲಿ ಇಟ್ಕೊಳ್ಳಿ, ನಾನು ಕಾಯ್ತೀನಿ.’ ತಂದರು. ‘ಬೆಳಿಗ್ಗೆ ತಗೊಳ್ಳೋ ಶೀಟಲ್ಲಿ ಇನ್ನೂ ಎಷ್ಟು ಉಳಿದಿವೆ, ಎಣಿಸಿ ಹೇಳಿ.’ ‘ಹದಿನೆಂಟು ಇದಾವೆ ಕಣವ್ವ.’ ಎಂಟು ಇರಬೇಕಿತ್ತು. ಈಗ ಬೈಯಬಾರದು. ‘ಹೌದಾ ಅಜ್ಜಿ, ಕೆಲವು ದಿನ ಬಿಟ್ಟುಹೋಗಿರಬೇಕು, ಎಲ್ಲರಿಗೂ ಆಗತ್ತೆ. ಯಾವಾಗ ಬಿಟ್ಟುಹೋಯ್ತು?’ ಆಗ ನಿಜ ಹೊರಗೆ ಬರುತ್ತದೆ. ಮಾತ್ರೆ ತಗೊಂಡರೆ ಹೊಟ್ಟೆ ಕೆಡುತ್ತದೆ, ಕೂಲಿಗೆ ಹೋದ ದಿನ ಬಯಲಿಗೆ ಹೋಗುವುದು ಕಷ್ಟ, ಅದಕ್ಕೇ ಕೆಲಸ ಇದ್ದ ದಿನ ಬಿಡುತ್ತಾರೆ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುತ್ತದೆ ಅನ್ನುವುದು ನಮಗೆಲ್ಲ ಗೊತ್ತಿರುವ ವಿಷಯ. ಊಟದ ಜೊತೆ ತಗೊಳ್ಳಿ ಅಂತ ಹೇಳಬಹುದು. ಡಾಕ್ಟರಿಗೆ ಹೇಳಿ ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಬಹುದು. ಇದಕ್ಕೆ ತಜ್ಞರು ಬೇಕಾಗಿಲ್ಲ. ಆದರೆ ಮಾತ್ರೆ ಎಣಿಸದೆ ಈ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಮಾತ್ರೆ ಆದ ಮೇಲೆ ಕೇಳಬೇಕಾದ್ದು ಶುಗರ್ ಇಳಿದಿತ್ತಾ ಅಂತ. ಏರಿದ್ದನ್ನು ಎಲ್ಲರೂ ಕೇಳುತ್ತೇವೆ, ಇಳಿದದ್ದನ್ನು ಕೇಳುವವರು ಕಡಿಮೆ. ‘ಸಂಜೆ ಹೊತ್ತು ಕೈ ನಡುಗಿ, ಬೆವರು ಬಂದು, ತುಂಬಾ ಹಸಿವಾಗಿ, ತಲೆ ಗಿರ್ ಅಂದಿತ್ತಾ?’ ಅಂತ ಹೀಗೇ ಬಿಡಿಸಿ ಕೇಳಬೇಕು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಇವುಗಳಲ್ಲಿ ಯಾವುದಾದರೂ ಇದ್ದವರಿಗೆ ಪ್ರತಿ ಕರೆಯಲ್ಲೂ ಕೇಳಬೇಕು. 70ಕ್ಕಿಂತ ಕೆಳಗೆ ಇಳಿದರೆ ಏನು ಮಾಡಬೇಕು ಅನ್ನುವುದು ರೋಗಿಗೆ ಮಾತ್ರ ಅಲ್ಲ, ಮನೆಯವರಿಗೂ ಬಾಯಿಪಾಠ ಆಗಿರಬೇಕು. ಪ್ರಜ್ಞೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ವ್ರತ, ಉಪವಾಸಗಳ ವಿಷಯವೂ ಇಲ್ಲೇ ಬರುತ್ತದೆ. ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿ, ರಂಜಾನ್. ಆ ದಿನ ಬಂದ ಮೇಲೆ ಬೇಡ ಅಂದರೆ ಯಾರೂ ಕೇಳುವುದಿಲ್ಲ. ರಂಜಾನ್‌ಗೆ ಒಂದೆರಡು ತಿಂಗಳು ಮುಂಚೆ ಒಂದು ಕರೆ ಮಾಡಿ. ಉಪವಾಸ ಇರುತ್ತೀರಾ ಅಂತ ಕೇಳಿ, ಡಾಕ್ಟರ ಜೊತೆ ಮಾತಾಡಿಸಿ. ಮಾತ್ರೆಯ ಸಮಯ ಬದಲಾಯಿಸಬೇಕಾ, ಡೋಸ್ ಕಡಿಮೆ ಮಾಡಬೇಕಾ, ಇವರಿಗೆ ಉಪವಾಸ ಅಪಾಯವಾ ಅನ್ನುವುದು ಆಗಲೇ ತೀರ್ಮಾನ ಆಗಲಿ. ಇಂಥ ಕೆಲಸಕ್ಕೆ ಫೋನಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಈಗ ಶುಗರ್ ರೀಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ದೂರದಿಂದ ಕೊಡುವ ಚಿಕಿತ್ಸೆಯ ಅಡಿಪಾಯ ಅದೇ. ಡಾಕ್ಟರು ರೋಗಿಯನ್ನು ಮುಟ್ಟುತ್ತಿಲ್ಲ. ನೀವು ಹೇಳುವ ಸಂಖ್ಯೆಯನ್ನು ನಂಬಿ ಡೋಸ್ ಏರಿಸುತ್ತಾರೆ. ಮಾವಿನಹಣ್ಣು ಕತ್ತರಿಸಿದ ಕೈಯಲ್ಲಿ, ಬೆಲ್ಲ ಮುಟ್ಟಿದ ಬೆರಳಲ್ಲಿ ರಕ್ತ ತೆಗೆದರೆ ಇಲ್ಲದ ಶುಗರ್ ಕಾಣಿಸುತ್ತದೆ. ಸೋಪಿನಿಂದ ತೊಳೆದು, ಪೂರ್ತಿ ಒರೆಸಿ ಆಮೇಲೆ ಚುಚ್ಚಬೇಕು. ಒದ್ದೆ ಬೆರಳಾದರೆ ರಕ್ತ ತೆಳುವಾಗುತ್ತದೆ. ಬೆರಳನ್ನು ಹಿಂಡಿ ಹಿಂಡಿ ತೆಗೆದರೂ ಲೆಕ್ಕ ತಪ್ಪುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ಮಲೆನಾಡಿನ ಮಳೆಗಾಲದಲ್ಲಂತೂ, ಸ್ಟ್ರಿಪ್ ತೇವ ಹಿಡಿದು ಹಾಳಾಗುತ್ತದೆ. ಒಳ್ಳೆಯ ಗ್ಲೂಕೋಮೀಟರ್ ಕೂಡ ಲ್ಯಾಬ್ ಪರೀಕ್ಷೆಗಿಂತ 15% ಆಚೀಚೆ ತೋರಿಸಬಹುದು, ಅಷ್ಟಕ್ಕೆ ಮಾನದಂಡವೇ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ಒಂದು ರೀಡಿಂಗ್ ನೋಡಿ ಗಾಬರಿಯಾಗಿ ಡೋಸ್ ಏರಿಸುವುದು ಬೇಡ. ಬೇರೆ ಬೇರೆ ದಿನದ ನಾಲ್ಕೈದು ರೀಡಿಂಗ್, ಪ್ರತಿಯೊಂದರ ಪಕ್ಕ ಬೆಳಿಗ್ಗೆ ಬರಿ ಹೊಟ್ಟೆಯಾ, ಊಟ ಆಗಿ ಎರಡು ಗಂಟೆಯಾ ಅಂತ ಬರೆದಿದ್ದರೆ ಡಾಕ್ಟರಿಗೆ ದಾರಿ ಕಾಣುತ್ತದೆ. ಬಹುಪಾಲು ಜನರಿಗೆ ಬರಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ಕ್ಕಿಂತ ಕೆಳಗೆ ಅನ್ನುವುದು ಗುರಿ. ವಯಸ್ಸಾದವರಿಗೆ, ಪದೇ ಪದೇ ಶುಗರ್ ಇಳಿಯುವವರಿಗೆ ಗುರಿಯನ್ನು ಸಡಿಲ ಮಾಡಬೇಕು.

ಎಚ್‌ಬಿಎ1ಸಿ ಬಗ್ಗೆಯೂ ಒಂದು ಮಾತು. ಮೂರು ತಿಂಗಳ ಸರಾಸರಿ ಅಂತ ನಾವು ಅದನ್ನು ತುಂಬಾ ನಂಬುತ್ತೇವೆ, ನಂಬಬೇಕು ಕೂಡ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ. ಕಬ್ಬಿಣದ ಕೊರತೆ ಇದ್ದಾಗ ಎಚ್‌ಬಿಎ1ಸಿ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಮನೆಯ ರೀಡಿಂಗ್ ಎಲ್ಲ ಚೆನ್ನಾಗಿದ್ದು ಎಚ್‌ಬಿಎ1ಸಿ ಮಾತ್ರ ಏರಿದ್ದರೆ, ಆ ಅಮ್ಮನನ್ನು ‘ಕದ್ದು ಸಿಹಿ ತಿಂತೀರಾ’ ಅಂತ ಕೇಳುವ ಮುಂಚೆ ಅವರ ಹಿಮೋಗ್ಲೋಬಿನ್ ನೋಡಿ.

ಕರೆಯ ಕೊನೆಗೆ ಬರೋಣ. ಕರೆ ಮುಗಿದ ಮೇಲೆ ಏನಾದರೂ ಒಂದು ಬದಲಾಗಿರಬೇಕು. ಡೋಸ್ ಬದಲಾಗಿರಬೇಕು, ಇಲ್ಲವೇ ಮಾತ್ರೆಯ ಸಮಯ, ಇಲ್ಲವೇ ಪರೀಕ್ಷೆಗೆ ದಿನ ಗೊತ್ತಾಗಿರಬೇಕು. ಎಲ್ಲವೂ ಸರಿ ಇದೆ, ಬದಲಾವಣೆ ಬೇಡ ಅನ್ನುವುದೂ ಒಂದು ತೀರ್ಮಾನವೇ, ಆದರೆ ಸಂಖ್ಯೆ ನೋಡಿ ಮಾಡಿದ ತೀರ್ಮಾನ ಆಗಿರಬೇಕು. ಗುರಿಗಿಂತ ಮೇಲೆ ಇದ್ದೂ ಎರಡು ಕರೆಯಲ್ಲಿ ಅದೇ ಮಾತ್ರೆ ಮುಂದುವರಿದಿದ್ದರೆ, ಮೂರನೆಯ ಸಲ ನೀವೇ ಡಾಕ್ಟರನ್ನು ಕೇಳಿ. ‘ಸರ್, ಇವರಿಗೆ ಮೂರು ತಿಂಗಳಿಂದ 200 ದಾಟಿದೆ, ಏನು ಬದಲಾಯಿಸೋಣ?’ ಅಂತ. ಇದು ಅಧಿಕಪ್ರಸಂಗ ಅಂತ ಅಂದುಕೊಳ್ಳಬೇಡಿ. ನಿಮ್ಮ ಕೆಲಸದ ಅತಿ ಮುಖ್ಯವಾದ ಭಾಗ ಅದು. ಇಲ್ಲಿರುವ ಡಾಕ್ಟರುಗಳಿಗೂ ಹೇಳುತ್ತೇನೆ, ಆ ಪ್ರಶ್ನೆ ಬಂದಾಗ ಸಂತೋಷಪಡಿ.

ಫೋನಿನಿಂದ ಆಗದ ಕೆಲಸಗಳಿವೆ, ಅವನ್ನು ಬಿಚ್ಚಿ ಹೇಳಬೇಕು. ಕಾಲು. ‘ಕಾಲಲ್ಲಿ ಗಾಯ ಇದೆಯಾ’ ಅಂದರೆ ಇಲ್ಲ ಅನ್ನುತ್ತಾರೆ, ಯಾಕೆಂದರೆ ಸ್ಪರ್ಶ ಹೋದ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಇಳಿಯುವವರ ಪಾದವನ್ನು ಯಾರಾದರೂ ಕಣ್ಣಿಂದ ನೋಡಬೇಕು, ಬೆರಳ ಸಂದಿ ಬಿಡಿಸಿ ನೋಡಬೇಕು, ಮೊನೋಫಿಲಮೆಂಟ್ ಅನ್ನುವ ತೆಳು ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಪರೀಕ್ಷೆ ಮಾಡಬೇಕು. ವರ್ಷಕ್ಕೊಮ್ಮೆಯಾದರೂ, ಒಮ್ಮೆ ಗಾಯ ಆದವರಿಗೆ ಬಂದಾಗಲೆಲ್ಲ. ಮನೆಗೆ ಹೋದ ಆಶಾ ಪಾದದ ಫೋಟೊ ತೆಗೆದು ಡಾಕ್ಟರಿಗೆ ಕಳಿಸಬಹುದು, ಅದು ಒಳ್ಳೆಯದೇ. ಆದರೆ ಫೋಟೊದಲ್ಲಿ ಬಿಸಿ ಗೊತ್ತಾಗುವುದಿಲ್ಲ, ವಾಸನೆ ಬರುವುದಿಲ್ಲ, ನಾಡಿ ಸಿಗುವುದಿಲ್ಲ. ಕಿಡ್ನಿ ಹೇಗಿದೆ ಅಂತ ನೋಡುವ ಮೂತ್ರದ ಪ್ರೋಟೀನ್, ಕ್ರಿಯಾಟಿನಿನ್ ಪರೀಕ್ಷೆಗೆ ಬರಲೇಬೇಕು. ಹೊಸದಾಗಿ ಶುಗರ್ ಬಂದವರನ್ನು ಒಮ್ಮೆ ಪೂರ್ತಿ ಎದುರಲ್ಲಿ ನೋಡಲೇಬೇಕು. ಕಣ್ಣಿನ ವಿಷಯ ಸ್ವಲ್ಪ ಬೇರೆ. ಕ್ಯಾಮೆರಾ ನಮ್ಮ ಹತ್ತಿರ ಬಂದರೆ ತಜ್ಞರು ದೂರ ಇದ್ದರೂ ನಡೆಯುತ್ತದೆ. ಚುನಾಂಪೇಟ್‌ನಲ್ಲಿ ಆದದ್ದು ಅದೇ. ದೃಷ್ಟಿ ಚೆನ್ನಾಗಿದ್ದಾಗಲೇ ಕಣ್ಣಿನ ಪರದೆ ಕೆಟ್ಟಿರಬಹುದು, ಆದ್ದರಿಂದ ಮಂಜಾಗುವವರೆಗೆ ಕಾಯಬಾರದು.

ಇನ್ನು, ಕರೆಯನ್ನು ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕಾದ ಮಾತುಗಳು. ವಾಂತಿ ನಿಲ್ಲುತ್ತಿಲ್ಲ, ಮಂಪರು ಬಂದಿದೆ, ಉಸಿರು ಜೋರಾಗಿದೆ, ಎದೆ ಹಿಡಿದಿದೆ, ಕಾಲು ಕಪ್ಪಾಗಿದೆ ಅಥವಾ ಊದಿ ಜ್ವರ ಬಂದಿದೆ, ಮೀಟರ್‌ನಲ್ಲಿ ಸಂಖ್ಯೆಯ ಬದಲು ‘ಹೈ’ ಅಂತ ತೋರಿಸುತ್ತಿದೆ. ಗರ್ಭಿಣಿಗೆ ಶುಗರ್ ಏರಿದ್ದರೂ ಬರೀ ಫೋನಿನಲ್ಲಿ ಮುಗಿಸಬೇಡಿ. ವಾಂತಿಭೇದಿ ಆದವರು ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗಬಹುದು. ಊಟ ಸೇರುತ್ತಿಲ್ಲ ಅಂತ ಇನ್ಸುಲಿನ್ ಅನ್ನು ತಾವಾಗಿ ಪೂರ್ತಿ ನಿಲ್ಲಿಸಬಾರದು. ಎರಡನ್ನೂ ಡಾಕ್ಟರ ಬಾಯಲ್ಲೇ ಹೇಳಿಸಿ.

ಫೋನ್ ಯಾರ ಕೈಯಲ್ಲಿದೆ ಅನ್ನುವುದು ಇನ್ನೊಂದು ವಿಷಯ. ನಮ್ಮ ಪಟ್ಟಿಯಲ್ಲಿ ಅಮ್ಮನ ಹೆಸರಿನ ಮುಂದೆ ಮಗನ ನಂಬರ್ ಇರುತ್ತದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕರೆ ಹೋಗುತ್ತದೆ, ‘ಅಮ್ಮ ಚೆನ್ನಾಗಿದ್ದಾರೆ ಮೇಡಂ’ ಅನ್ನುತ್ತಾನೆ, ಕರೆ ಆಯಿತು ಅಂತ ಬರೆಯುತ್ತೇವೆ. ಅಮ್ಮನಿಗೆ ಗೊತ್ತೇ ಇಲ್ಲ. ಮನೆಯಲ್ಲಿ ಹಗಲು ಇರುವ ಫೋನ್ ಯಾವುದು, ಅದನ್ನು ಎತ್ತುವವರು ಯಾರು, ಎಷ್ಟು ಹೊತ್ತಿಗೆ ಕರೆ ಮಾಡಿದರೆ ಅನುಕೂಲ ಅಂತ ಮೊದಲ ಭೇಟಿಯಲ್ಲೇ ಬರೆದುಕೊಳ್ಳಿ. ಸೊಸೆಯೇ ಮಾತ್ರೆ ಕೊಡುವವರಾದರೆ ಸೊಸೆಯ ಜೊತೆಗೂ ಮಾತಾಡಿ, ಅಮ್ಮನನ್ನು ಕೇಳಿಯೇ ಮಾತಾಡಿ. ಮೂತ್ರದ ಜಾಗದ ತುರಿಕೆಯನ್ನೋ ಗಂಡಸರ ಲೈಂಗಿಕ ತೊಂದರೆಯನ್ನೋ ಸ್ಪೀಕರ್ ಹಾಕಿದ ಫೋನಿನಲ್ಲಿ ಯಾರೂ ಹೇಳುವುದಿಲ್ಲ. ‘ಸ್ವಲ್ಪ ಹೊರಗೆ ಬಂದು ಮಾತಾಡ್ತೀರಾ’ ಅಂತ ಕೇಳುವುದು ಸಣ್ಣ ಮಾತು, ಅದರಿಂದ ತುಂಬಾ ಹೊರಗೆ ಬರುತ್ತದೆ. ನೆಟ್‌ವರ್ಕ್ ಬಗ್ಗೆ ಕೊರಗುವುದು ಬೇಡ. ಮಲೆನಾಡಿನ ಎಷ್ಟೋ ಮನೆಗಳಿಗೆ ವಿಡಿಯೊ ಹೋಗುವುದಿಲ್ಲ. ಈವರೆಗೆ ನಾನು ಹೇಳಿದ ಮಾತುಕತೆಗೆಲ್ಲ ಬಟನ್ ಫೋನಿನ ಧ್ವನಿ ಸಾಕು.

ಊರಾಚೆ, ದೇಶದಾಚೆ ಇರುವ ಮಕ್ಕಳಿಗೆ ಒಂದು ಮಾತು ಹೇಳಬೇಕು. ಇಂಥ ಕುಟುಂಬದವರೂ ಇಲ್ಲಿ ಬಂದಿದ್ದೀರಿ. ಅಪ್ಪ ಅಮ್ಮನ ಮೇಲಿನ ಪ್ರೀತಿಯಿಂದ ನೀವು ಆನ್‌ಲೈನ್‌ನಲ್ಲಿ ಒಳ್ಳೆಯ ತಜ್ಞರನ್ನು ಹುಡುಕಿ ತೋರಿಸುತ್ತೀರಿ. ಅವರು ಒಂದು ಮಾತ್ರೆ ಬರೆಯುತ್ತಾರೆ. ಸರ್ಕಾರಿ ಆಸ್ಪತ್ರೆಯ ಮಾತ್ರೆಯೂ ಮನೆಯಲ್ಲಿ ಇದೆ. ಎರಡರ ಹೆಸರು ಬೇರೆ, ಬಣ್ಣ ಬೇರೆ. ಒಳಗಿರುವುದು ಎರಡರಲ್ಲೂ ಗ್ಲಿಮೆಪಿರೈಡ್. ಅಪ್ಪ ಎರಡನ್ನೂ ನುಂಗುತ್ತಾರೆ, ಯಾಕೆಂದರೆ ಇಬ್ಬರು ಡಾಕ್ಟರೂ ಬಿಡಬೇಡಿ ಅಂದಿದ್ದಾರೆ. ರಾತ್ರಿ ಮೂರು ಗಂಟೆಗೆ ಶುಗರ್ 40ಕ್ಕೆ ಇಳಿದು ಪ್ರಜ್ಞೆ ತಪ್ಪಿ ಬರುತ್ತಾರೆ. ಈ ಮಾತ್ರೆಯಿಂದ ಇಳಿದ ಶುಗರ್ ಗ್ಲೂಕೋಸ್ ಕೊಟ್ಟ ಮೇಲೂ ಮತ್ತೆ ಇಳಿಯಬಹುದು, ವಯಸ್ಸಾದವರಲ್ಲಿ, ಕಿಡ್ನಿ ಸರಿ ಇಲ್ಲದವರಲ್ಲಿ ಇನ್ನೂ ಜಾಸ್ತಿ. ದಾಖಲು ಮಾಡಿ ನೋಡಿಕೊಳ್ಳಬೇಕಾಗುತ್ತದೆ. ದಯವಿಟ್ಟು ಒಂದು ಕೆಲಸ ಮಾಡಿ. ತಜ್ಞರಿಗೆ ತೋರಿಸುವ ಮುಂಚೆ ಮನೆಯಲ್ಲಿರುವ ಎಲ್ಲ ಮಾತ್ರೆ ಶೀಟುಗಳ ಹಿಂಬದಿಯ ಫೋಟೊ ಕಳಿಸಿ. ಅವರು ಬರೆದ ಚೀಟಿಯನ್ನು ಊರಿನ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಇಡಿಸಿ. ಅಪ್ಪನ ಮನೆಗೆ ನಡೆದು ಹೋಗಬಲ್ಲವರು ಆಶಾ ಅಕ್ಕ. ಅವರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ.

ಇನ್ಸುಲಿನ್ ತಗೊಳ್ಳುವವರ ವಿಷಯದಲ್ಲಿ ಮಾತ್ರ ಸಾಧ್ಯ ಆದರೆ ವಿಡಿಯೊ ಬಳಸಿ. ಸಿರಿಂಜ್‌ಗೆ ಎಷ್ಟು ಎಳೆಯುತ್ತಾರೆ, ಎಲ್ಲಿ ಚುಚ್ಚುತ್ತಾರೆ ಅಂತ ತೋರಿಸಲು ಹೇಳಿ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ 100 ಯೂನಿಟ್‌ನ ಸಿರಿಂಜ್ ಬಳಸಿದರೆ ಡೋಸ್ ಪೂರ್ತಿ ತಪ್ಪುತ್ತದೆ, ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ ನೋಡಿದರೆ ಗೊತ್ತಾಗುತ್ತದೆ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಬಳಸುತ್ತಿರುವ ಬಾಟಲಿಯನ್ನು ಮಣ್ಣಿನ ಮಡಕೆಯಲ್ಲಿ ತಂಪಾಗಿ, ನೀರು ತಾಗದ ಹಾಗೆ ಇಟ್ಟಿದ್ದಾರಾ ನೋಡಿ. ಇವು ಧ್ವನಿಯಲ್ಲಿ ಸಿಗುವುದಿಲ್ಲ, ಎರಡು ನಿಮಿಷದ ವಿಡಿಯೊದಲ್ಲಿ ಸಿಗುತ್ತವೆ.

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಅಂತ ನೀವು ಮನಸ್ಸಿನಲ್ಲಿ ಕೇಳುತ್ತಿದ್ದೀರಿ. ನ್ಯಾಯವಾದ ಪ್ರಶ್ನೆ. ಫೋನ್ ಕರೆಯನ್ನು ಉಳಿದ ಸಮಯದ ಕೆಲಸ ಅಂತ ಇಟ್ಟರೆ ಆ ಸಮಯ ಉಳಿಯುವುದೇ ಇಲ್ಲ. ಗುರುವಾರ ಲಸಿಕೆಯ ದಿನ ಅಂತ ಹೇಗೆ ಯಾರೂ ಬೇರೆ ಕೆಲಸ ಹಾಕುವುದಿಲ್ಲವೋ, ಹಾಗೇ ವಾರದಲ್ಲಿ ಒಂದು ಮಧ್ಯಾಹ್ನ ಶುಗರ್ ಕರೆಗಳಿಗೆ ಮೀಸಲಿರಬೇಕು. ಅದೇ ಹೊತ್ತಿಗೆ ಡಾಕ್ಟರೂ ಫೋನಿಗೆ ಸಿಗಬೇಕು, ಮಾತ್ರೆ ಬದಲಾವಣೆ ಅವತ್ತೇ ಆಗಬೇಕು. ಬದಲಾಯಿಸಿದ ಮಾತ್ರೆ ಉಪಕೇಂದ್ರದಲ್ಲಿ ಇರಬೇಕು. ಫೋನಿನಲ್ಲಿ ಡೋಸ್ ಹೇಳಿ, ಮಾತ್ರೆ ತರಲು ತಾಲೂಕಿಗೆ ಬಸ್ ಹತ್ತಿಸಿದರೆ ಕೂಲಿಯೂ ಹೋಯಿತು, ಕರೆಯ ಪ್ರಯೋಜನವೂ ಹೋಯಿತು. ಸ್ಟ್ರಿಪ್‌ಗಳ ಪೂರೈಕೆಯೂ ಹಾಗೇ. ಇದನ್ನು ನಾನು ಮೇಲಿನವರ ಸಭೆಗಳಲ್ಲೂ ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ. ಆಶಾ ಕಾರ್ಯಕರ್ತೆಯರು ತಮ್ಮ ಸ್ವಂತ ಡೇಟಾ, ಸ್ವಂತ ಸಮಯ ಹಾಕಿ ಈ ಕೆಲಸ ಮಾಡಬೇಕು ಅನ್ನುವುದು ಸರಿಯಲ್ಲ. ಅವರಿಗೆ ಅದಕ್ಕೆ ತಕ್ಕ ಹಣ ಸಿಗಬೇಕು.

ಎಲ್ಲರಿಗೂ ಒಂದೇ ಸಲ ಕರೆ ಮಾಡಲು ಹೋಗಬೇಡಿ. ಈ ವಾರ ನಿಮ್ಮ ಉಪಕೇಂದ್ರದ ಪುಸ್ತಕ ತೆಗೆದು, ಎರಡು ತಿಂಗಳಿಂದ ಮಾತ್ರೆಗೆ ಬಾರದವರ ಹೆಸರು ಬೇರೆ ಬರೆಯಿರಿ. ಬರುತ್ತಿರುವವರು ಹೇಗೂ ಬರುತ್ತಾರೆ, ಕರೆ ಮೊದಲು ಹೋಗಬೇಕಾದ್ದು ಬಾರದವರಿಗೆ. ಅವರಲ್ಲಿ ಇನ್ಸುಲಿನ್ ತಗೊಳ್ಳುವವರು, ಕಾಲಿನ ಗಾಯ ಆಗಿದ್ದವರು, ಒಂಟಿಯಾಗಿ ಇರುವ ವಯಸ್ಸಾದವರು ಮೊದಲ ಸಾಲಿಗೆ ಬರಲಿ. ಮೂರು ಸಲ ಕರೆ ಮಾಡಿಯೂ ಸಿಗದಿದ್ದರೆ ಆ ಹೆಸರನ್ನು ಆಶಾ ಅವರಿಗೆ ಕೊಡಿ, ಅವರು ಮನೆಗೆ ಹೋಗಿ ಬರಲಿ. ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ಖಾಸಗಿಯಲ್ಲಿ ತೋರಿಸುತ್ತಿರುತ್ತಾರೆ, ಕೆಲವರು ನಾಟಿ ಔಷಧ ಹಿಡಿದು ಮಾತ್ರೆ ಬಿಟ್ಟಿರುತ್ತಾರೆ. ಯಾವುದು ಅಂತ ಹೆಸರಿನ ಮುಂದೆ ಬರೆಯಿರಿ. ಮುಂದಿನ ತಿಂಗಳ ಸಭೆಗೆ ಎಷ್ಟು ಕರೆ ಮಾಡಿದಿರಿ ಅನ್ನುವ ಲೆಕ್ಕ ತರಬೇಡಿ. ಆ ಪಟ್ಟಿಯನ್ನು ತನ್ನಿ, ಪ್ರತಿ ಹೆಸರಿನ ಮುಂದೆ ಏನು ಬದಲಾಯಿತು ಅಂತ ಬರೆದು ತನ್ನಿ. ಕೂತು ಒಂದೊಂದಾಗಿ ನೋಡೋಣ.